ಙ ಇಲ್ಲದ ಡಬ್ಬಿ

ಒಂದು ಮಗು ನನ್ನ ಎದುರು ನಿಂತು ನಿಜ ಹೇಳಿತು. ನಾನು ಅದಕ್ಕೆ, ನೀನು ಹೇಳುವುದು ತಪ್ಪು ಎಂದೆ. ಅದೂ ಹತ್ತಾರು ಜನರ ಮುಂದೆ. ಹೇಳಬೇಕಾದದ್ದು ಇಷ್ಟೇ, ಉಳಿದದ್ದೆಲ್ಲ ಅದು ಹೇಗಾಯಿತು ಎಂಬ ವಿವರ. ವಿವರಿಸುತ್ತಾ ಹೋದರೆ ತಪ್ಪು ಸ್ವಲ್ಪ ಸಣ್ಣದಾಗಬಹುದು ಎಂಬ ಆಸೆ ನನಗೂ ಇತ್ತು. ಮೂರು ತಿಂಗಳಿಂದ ಮನಸ್ಸಿನಲ್ಲೇ ವಿವರಿಸುತ್ತಿದ್ದೇನೆ, ಸಣ್ಣದಾಗಿಲ್ಲ.

ನಾನು ಮಿಜಾರು ಕಡೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಪಾಠ ಮಾಡುವವಳಲ್ಲ. ಪಾಠ ಮಾಡುವವರು ಎದ್ದು ಹೋದ ಮೇಲೆ ಯಾವ ಮೌಸ್ ಸತ್ತಿದೆ, ಯಾವ ಕೀಬೋರ್ಡಿನ ಯಾವ ಕೀಲಿ ಕಿತ್ತು ಬಂದಿದೆ ಎಂದು ನೋಡುವುದು ನನ್ನ ಕೆಲಸ. ಮನೆ ಬಿ.ಸಿ.ರೋಡಿನಲ್ಲಿ. ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿದರೆ ಸಿದ್ಧಕಟ್ಟೆಯ ಮೇಲಾಗಿ ಮೂಡುಬಿದಿರೆ, ಅಲ್ಲಿಂದ ಇನ್ನೊಂದು ಬಸ್ಸು. ಸಂಜೆ ಅದೇ ದಾರಿ ಹಿಂದಕ್ಕೆ. ಇಪ್ಪತ್ತೆರಡು ವರ್ಷದಲ್ಲಿ ಕಂಡಕ್ಟರುಗಳು ಬದಲಾಗಿದ್ದಾರೆ, ಹೊಂಡಗಳು ಬದಲಾಗಿಲ್ಲ. ಈಗೀಗ ಬಸ್ಸಿನ ಮೆಟ್ಟಿಲು ಹತ್ತುವಾಗ ಬಲಮೊಣಕಾಲು ನನ್ನ ಅನುಮತಿ ಕೇಳುತ್ತದೆ.

ಕಂಪ್ಯೂಟರ್ ಗೊತ್ತು ಎಂಬ ಒಂದೇ ಅಪರಾಧಕ್ಕೆ ಊರಿನಲ್ಲಿ ಯಾರ ಮನೆಯ ಯಾವ ಯಂತ್ರ ಕೆಟ್ಟರೂ ನನಗೆ ಫೋನು ಬರುತ್ತದೆ. ಮೊಬೈಲಿನಲ್ಲಿ ಮೊಮ್ಮಗುವಿನ ಫೋಟೋ ಮಾಯವಾಯಿತು ಎಂದು ಒಬ್ಬರು, ಟಿವಿಯಲ್ಲಿ ಧ್ವನಿ ಇಲ್ಲ ಎಂದು ಇನ್ನೊಬ್ಬರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನನ್ನ ಗಂಡ ಹೇಳುವುದು ಸುಮ್ಮನೆ ಅಲ್ಲ. ನಾನು ಕಲಿತ ಶಾಲೆ ಬಂಟ್ವಾಳದ ಆಚೆ ಉಂಟು. ಅದರ ಹಳೆ ವಿದ್ಯಾರ್ಥಿ ಸಂಘ ಪ್ರತಿವರ್ಷ ಸುತ್ತಲಿನ ಶಾಲೆಗಳ ಮಕ್ಕಳಿಗೆ ಹಾಡು, ಭಾಷಣ, ಕತೆ ಹೇಳುವ ಸ್ಪರ್ಧೆ ನಡೆಸುತ್ತದೆ. ಫಲಿತಾಂಶ ತಯಾರಿಸುವ ಕೆಲಸ ಯಾರ ತಲೆಗೆ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ಈ ಸ್ಪರ್ಧೆಯಲ್ಲಿ ಒಂದು ಪದ್ಧತಿ ಉಂಟು. ಮೊದಲೆಲ್ಲ, ತೀರ್ಪುಗಾರರು ತಮ್ಮ ಪರಿಚಯದ ಮಕ್ಕಳಿಗೆ ಅಂಕ ಕೊಟ್ಟರು ಎಂದು ಗಲಾಟೆ ಆಗುತ್ತಿತ್ತಂತೆ. ಅದಕ್ಕೆ ಮಗುವಿನ ಹೆಸರು, ಶಾಲೆ, ಎದೆಗೆ ಚುಚ್ಚಿದ ಚೆಸ್ಟ್ ನಂಬರ್ ಯಾವುದೂ ವೇದಿಕೆಗೆ ಹೋಗಬಾರದು ಎಂದು ತೀರ್ಮಾನವಾಯಿತು. ಮಗು ಹಿಂದಿನ ಕೋಣೆಯಲ್ಲಿ ನಂಬರು ಕಳಚಿಟ್ಟು, ಡಬ್ಬಿಗೆ ಕೈ ಹಾಕಿ ಒಂದು ಚೀಟಿ ಎತ್ತಬೇಕು. ಚೀಟಿಯಲ್ಲಿ ಒಂದು ಅಕ್ಷರ; ಎಷ್ಟು ಮಕ್ಕಳೋ ಮೊದಲಿನಿಂದ ಅಷ್ಟೇ ಅಕ್ಷರ. ಆಮೇಲೆ ಆ ಮಗು ಬರೀ ಅಕ್ಷರ. ಮೈಕಿನಲ್ಲಿ ಕರೆಯುವುದೂ ಹಾಗೆಯೇ, ತೀರ್ಪುಗಾರರು ಅಂಕ ಬರೆಯುವುದೂ ಹಾಗೆಯೇ. ಕತೆ ಮುಗಿಸಿ ಇಳಿಯುವಾಗ ಚೀಟಿಯನ್ನು ಡಬ್ಬಿಗೆ ವಾಪಸ್ ಹಾಕಬೇಕು. ಬೇರೆ ಸ್ಪರ್ಧೆಗಳಿಗೆ ಇಂಗ್ಲಿಷ್ ಅಕ್ಷರ. ಕತೆ ಹೇಳುವುದಕ್ಕೆ ಮಾತ್ರ ಕನ್ನಡದ ಕ, ಖ, ಗ. ನಮ್ಮ ಹಳೆಯ ಕನ್ನಡ ಮಾಷ್ಟ್ರು ಹಠ ಹಿಡಿದು ಮಾಡಿಸಿದ ಏರ್ಪಾಡು ಅದು.

ಕೊನೆಗೆ ಅಕ್ಷರವನ್ನು ಬಿಡಿಸಿ ನಂಬರು ಮಾಡಬೇಕಲ್ಲ, ಅಲ್ಲಿ ಹೊತ್ತು ಹೋಗುತ್ತಿತ್ತು. ಕೈಯಲ್ಲೇ ಹೊಂದಿಸಿ, ಕೂಡಿಸಿ, ಮತ್ತೊಮ್ಮೆ ನೋಡಿ ಮುಗಿಸುವಾಗ ಸಂಜೆ ಆಗುತ್ತಿತ್ತು. ದೂರದ ಮಕ್ಕಳು, ಬೆಳ್ತಂಗಡಿಯ ಆಚೆಯವರು, ಉಜಿರೆ, ಚಾರ್ಮಾಡಿಯವರು ಬಹುಮಾನ ಕೊಡುವ ಮೊದಲೇ ಬಸ್ಸಿಗೆ ಓಡುತ್ತಿದ್ದರು. ಹಿಂದಿನ ವರ್ಷ ಒಂದು ಮಗುವಿನ ಬಹುಮಾನ ನಾಲ್ಕು ತಿಂಗಳು ಸಂಘದ ಕಪಾಟಿನಲ್ಲೇ ಕೂತಿತ್ತು. ಈ ಸಲ ಹಾಗಾಗಬಾರದು ಎಂದು ನಾನೇ ಮುಂದೆ ಹೋಗಿ, ಒಂದು ಶೆಲ್ ಸ್ಕ್ರಿಪ್ಟ್ ಬರೆದುಕೊಂಡು ಬರುತ್ತೇನೆ ಎಂದೆ. ಯಾರೂ ಕೇಳಿರಲಿಲ್ಲ.

ಶೆಲ್ ಸ್ಕ್ರಿಪ್ಟ್ ಎಂದರೆ ದೊಡ್ಡ ವಿದ್ಯೆ ಏನಲ್ಲ. ಹತ್ತು ಸಾಲು ಆಜ್ಞೆಯನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಕಂಪ್ಯೂಟರ್ ಅದನ್ನು ಒಂದೊಂದಾಗಿ ಮಾಡುತ್ತಾ ಹೋಗುತ್ತದೆ. ನನಗೆ ಬೇಕಾದದ್ದೂ ಸಣ್ಣದೇ: ಅಕ್ಷರ ಕೊಟ್ಟರೆ ಸಂಖ್ಯೆ ಬರಬೇಕು. ಕ ಎಂದರೆ ಒಂದು, ಖ ಎಂದರೆ ಎರಡು. ಹಿಂದಿನ ಕೋಣೆಯಲ್ಲಿ ಮಕ್ಕಳನ್ನು ಅಕ್ಷರದ ಕ್ರಮದಲ್ಲಿ ನಿಲ್ಲಿಸಿ, ಅಚ್ಚು ಹಾಕಿದ ಹಾಳೆಯಲ್ಲಿ ಒಂದರಿಂದ ಕೆಳಗೆ ಅವರ ಚೆಸ್ಟ್ ನಂಬರ್ ಬರೆಯುತ್ತಾರೆ. ಖ ಎಂದರೆ ಎರಡು, ಎರಡನೆಯ ಸಾಲಿನಲ್ಲಿರುವ ನಂಬರಿನ ಮಗುವೇ ಖ. ಅಷ್ಟೇ ಲೆಕ್ಕ.

ಮೊದಲು ಟಿಆರ್ ಎಂಬ ಹಳೆಯ ಆಜ್ಞೆ ಹಾಕಿ ನೋಡಿದೆ. ಒಂದು ಅಕ್ಷರದ ಜಾಗದಲ್ಲಿ ಇನ್ನೊಂದನ್ನು ಇಡುವುದೇ ಅದರ ಕಸುಬು. ಇಂಗ್ಲಿಷಿಗೆ ಚೆನ್ನಾಗಿ ನಡೆಯುತ್ತದೆ. ಕನ್ನಡ ಕೊಟ್ಟರೆ ಕಸ ಕಾರಿತು. ಕಂಪ್ಯೂಟರಿನೊಳಗೆ ನಮ್ಮ ಒಂದು ಅಕ್ಷರ ಮೂರು ತುಂಡಾಗಿ ಕೂತಿರುತ್ತದೆ. ಟಿಆರ್ ಪಾಪ, ಒಂದೊಂದು ತುಂಡನ್ನೂ ಒಂದೊಂದು ಅಕ್ಷರ ಎಂದು ತಿಳಿಯುತ್ತದೆ. ಅದನ್ನು ಬಿಟ್ಟು, ವ್ಯಂಜನಗಳನ್ನೆಲ್ಲ ಒಂದು ಸಾಲಿನಲ್ಲಿ ಬಿಡಿಬಿಡಿಯಾಗಿ ಬರೆದು, ಒಂದೊಂದಕ್ಕೂ ಒಂದು ಕೂಡಿಸುತ್ತಾ ಹೋಗು ಎಂದು ಹೇಳಿದೆ. ಕ ಖ ಗ ಘ ಙ, ಚ ಛ ಜ ಝ ಞ. ಕೀಲಿ ಒತ್ತುವಾಗ ಕನ್ನಡ ಮಾಷ್ಟ್ರ ಬೆತ್ತ ನೆನಪಾಯಿತು. ನಾಲ್ಕನೆಯ ತರಗತಿಯಲ್ಲಿ ಘ ಆದ ಮೇಲೆ ನೇರ ಚಕ್ಕೆ ಹಾರಿದ್ದಕ್ಕೆ ನನ್ನ ಅಂಗೈ ಊದಿಸಿದ್ದರು. ಒಂದನ್ನೂ ಬಿಡದೆ ಬರೆದೆ, ಬರೆದು ಖುಷಿಪಟ್ಟೆ. ಸುಳ್ಳು ನಂಬರುಗಳನ್ನು ಕೊಟ್ಟು ಪರೀಕ್ಷೆಯನ್ನೂ ಮಾಡಿದೆ. ನನ್ನದೇ ಪಟ್ಟಿ, ನನ್ನದೇ ಪರೀಕ್ಷೆ. ಪಾಸಾಗದೆ ಎಲ್ಲಿಗೆ ಹೋಗುತ್ತದೆ.

ಸ್ಪರ್ಧೆಯ ದಿನ ಭಾನುವಾರ. ವಾರದಲ್ಲಿ ನನಗೆ ಮಲಗಲು ಇರುವ ಒಂದೇ ದಿನ. ವೇದಿಕೆಯ ಪಕ್ಕದ ಕೋಣೆಯಲ್ಲಿ ನನಗೊಂದು ಮೇಜು, ಲ್ಯಾಪ್‌ಟಾಪ್, ತಿರುಗದ ಒಂದು ಫ್ಯಾನು. ಹಿಂದಿನ ಕೋಣೆಯಲ್ಲಿ ಡಬ್ಬಿ ಹಿಡಿದು ಕೂತವರು ಪಿ.ಟಿ. ಮಾಷ್ಟ್ರು. ಕತೆ ಹೇಳಲು ಬಂದವರು ಹದಿನಾಲ್ಕು ಮಕ್ಕಳು. ಊಟ ಆದ ಮೇಲೆ ತೀರ್ಪುಗಾರರ ಹಾಳೆ, ಪಿ.ಟಿ. ಮಾಷ್ಟ್ರ ಹಾಳೆ ಎರಡೂ ನನ್ನ ಮೇಜಿಗೆ ಬಂದವು. ತೀರ್ಪುಗಾರರ ಹಾಳೆಯಲ್ಲಿ ಘ ಆದ ಮೇಲೆ ಚ ಎಂದೇ ಇತ್ತು. ನನ್ನ ಬೆರಳೇ ಅದನ್ನು ಟೈಪು ಮಾಡಿತು, ತಲೆ ಜೊತೆಗಿರಲಿಲ್ಲ. ಒಂದು ಕೀಲಿ ಒತ್ತಿದೆ. ಮೊದಲ ಮೂರು ಸ್ಥಾನದ ನಂಬರುಗಳು ಬಂದವು. ಮೊದಲ ಮೂರನ್ನು ಮಾತ್ರ ತೋರಿಸು ಎಂದು ಹೇಳಿದ್ದವಳೂ ನಾನೇ.

"ಆಯ್ತಾ? ಇಷ್ಟು ಬೇಗವಾ?" ಎಂದರು ಪಿ.ಟಿ. ಮಾಷ್ಟ್ರು.

"ಆಯ್ತು. ಇನ್ನು ನೀವು ಬಸ್ಸಿನ ನೆಪ ಹೇಳ್ಲಿಕ್ಕಿಲ್ಲ."

ಅವರು ನಕ್ಕು ಡಬ್ಬಿಯನ್ನು ನನ್ನ ಮೇಜಿನ ಕೆಳಗಿಟ್ಟರು. "ಇದನ್ನು ನೀವೇ ಕೊಂಡೋಗಿ. ಚೀಟಿ ಎಲ್ಲ ಮಾಸಿ ಹೋಗಿದೆ. ಬರುವ ವರ್ಷಕ್ಕೆ ಹೊಸತು ಮಾಡುವ."

ಕತೆಯಲ್ಲಿ ಮೊದಲ ಸ್ಥಾನ ಮೂವತ್ತೊಂದನೆಯ ನಂಬರಿಗೆ ಹೋಯಿತು. ಆ ಹುಡುಗಿ ವೇದಿಕೆಗೆ ಬಂದು ಬಹುಮಾನದ ಶೀಲ್ಡ್ ತೆಗೆದುಕೊಂಡಳು, ಅವಳ ಅಮ್ಮ ಎದುರು ನಿಂತು ಫೋಟೋ ತೆಗೆದರು. ನಾನು ಭಾಗವಹಿಸಿದವರ ಸರ್ಟಿಫಿಕೇಟುಗಳನ್ನು ಹಂಚಲು ಬಾಗಿಲ ಬಳಿ ಮೇಜು ಎಳೆದು ಕೂತೆ. ಮಕ್ಕಳು ಬರುವುದು, ಕೈ ಚಾಚುವುದು, ನಾನು ಕೊಡುವುದು. ಹೆಸರನ್ನು ಅವರೇ ತುಂಬಿಸಿಕೊಳ್ಳಲಿ ಎಂದು ಜಾಗ ಖಾಲಿ ಬಿಟ್ಟಿದ್ದೆವು.

ಸಾಲು ಕರಗುವಾಗ ಒಬ್ಬಳು ಹುಡುಗಿ ಬಂದು ನಿಂತಳು. ಆರನೆಯದೋ ಏಳನೆಯದೋ ತರಗತಿ. ತಲೆಗೆ ಬಿಳಿ ಸ್ಕಾರ್ಫು, ಯೂನಿಫಾರ್ಮಿನ ಮೇಲೆ ಇಪ್ಪತ್ತೇಳು ಎಂಬ ನಂಬರು. ಮನೆಯಲ್ಲಿ ಬ್ಯಾರಿ ಭಾಷೆ ಆಡುವ ಮಕ್ಕಳು ಶಾಲೆಯ ಕನ್ನಡವನ್ನು ಅಳೆದು ತೂಗಿ ಆಡುವುದುಂಟು; ಅವಳೂ ಹಾಗೆಯೇ ನಿಧಾನವಾಗಿ ಹೇಳಿದಳು.

"ಟೀಚರ್, ಕತೆಯಲ್ಲಿ ನನ್ನದು ಚ."

"ಅದಕ್ಕೆ?"

"ಜಡ್ಜ್ ಸರ್ ಕೊನೆಗೆ ಮೈಕಿನಲ್ಲಿ ಹೇಳಿದ್ದಾರೆ, ಚ ಎಲ್ಲರಿಗಿಂತ ಚೆನ್ನಾಗಿ ಹೇಳಿತು ಅಂತ. ಫಸ್ಟ್ ಬೇರೆಯವರಿಗೆ ಬಂತು."

ನಾನು ಆ ಮಾತು ಕೇಳಿರಲಿಲ್ಲ. ಕೋಣೆಯಲ್ಲಿ ಹಾಡಿನ ಅಂಕ ಕೂಡಿಸುತ್ತಿದ್ದೆ. ಕಾಲು ಜೋಮು ಹಿಡಿದಿತ್ತು, ತಲೆ ಸಿಡಿಯುತ್ತಿತ್ತು, ಅದರ ಮಧ್ಯೆ ನನ್ನ ಸ್ಕ್ರಿಪ್ಟಿನ ಮೇಲೆ ಒಬ್ಬಳು ಚಿಳ್ಳೆ ಸಂಶಯ ಪಡುತ್ತಿದ್ದಾಳೆ ಎಂದು ಸಿಟ್ಟೂ ಬಂತು. ಬಂದದ್ದು ಸಿಟ್ಟೇ, ಅದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ. ಲ್ಯಾಪ್‌ಟಾಪ್ ತೆರೆದು, ಸ್ಕ್ರಿಪ್ಟು ಅಕ್ಷರಕ್ಕೆ ನಂಬರು ಹೊಂದಿಸಿದ್ದ ಪಟ್ಟಿ ನೋಡಿದೆ. ಇಪ್ಪತ್ತೇಳರ ಎದುರು ಙ ಎಂದಿತ್ತು. ಚ ಎದುರು ಮೂವತ್ತೊಂದು.

"ನಿನ್ನದು ಙ, ಮಗಾ. ಚ ಅಲ್ಲ."

"ಙ ಇರ್ಲಿಲ್ಲ ಟೀಚರ್."

"ಇಲ್ಲದೆ ಎಲ್ಲಿಗೆ ಹೋಗ್ತದೆ? ಇಲ್ಲಿ ಬರೆದು ಉಂಟಲ್ಲ. ಕಂಪ್ಯೂಟರ್ ಸುಳ್ಳು ಹೇಳ್ತದಾ?"

ಪಕ್ಕದಲ್ಲಿದ್ದ ಮಕ್ಕಳು ನಕ್ಕರು. ಒಬ್ಬ ಮೂಗಿನಲ್ಲಿ "ಙ" ಎಂದು ಎಳೆದ. ಹುಡುಗಿ ಕೈ ಚಾಚಿಕೊಂಡೇ ನಿಂತಿದ್ದಳು. ನಾನು ಪರದೆಯಿಂದ ಕಣ್ಣು ತೆಗೆಯದೆ ಒಂದು ಸರ್ಟಿಫಿಕೇಟು ಎಳೆದು ಆ ಕೈಯ ಮೇಲೆ ಇಟ್ಟೆ. ಅಷ್ಟರಲ್ಲಿ ಅವಳ ಟೀಚರ್ ಓಡಿ ಬಂದರು. ಚಾರ್ಮಾಡಿ ಕಡೆಯ ಶಾಲೆಯವರು, ಸಣ್ಣ ಪ್ರಾಯದವರು.

"ಸಾರಿ ಮೇಡಂ. ಇವಳು ಯಾವತ್ತೂ ಹೀಗೆ ಮಾಡುವವಳಲ್ಲ," ಎಂದು ನನಗೆ ಹೇಳಿ, ಹುಡುಗಿಯ ಕಡೆ ತಿರುಗಿದರು. "ಸೋತರೆ ಸೋತೆ ಅಂತ ಒಪ್ಪಿಕೊಳ್ಬೇಕು. ಅದಕ್ಕೆ ಹೀಗೆಲ್ಲ ಸುಳ್ಳು ಹೇಳುವುದಾ? ಬಾ, ಬಸ್ಸು ಹೋಗ್ತದೆ."

ನಾನು, ಪರವಾಗಿಲ್ಲ, ಮಕ್ಕಳಲ್ವಾ ಎಂದೆ. ಎಷ್ಟು ದೊಡ್ಡ ಮನಸ್ಸು ನನ್ನದು.

ಡಬ್ಬಿ ಎರಡು ವಾರ ನಮ್ಮ ಫ್ರಿಜ್ಜಿನ ಮೇಲೆ ಕೂತಿತ್ತು. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ, ಮುಚ್ಚಳ ತೆಗೆಯಲು ಚಮಚ ಬೇಕು. ಒಂದು ಭಾನುವಾರ ಹೊಸ ಚೀಟಿ ಮಾಡಿ ಕೈ ತೊಳೆದುಕೊಳ್ಳುವ ಎಂದು ಹಳೆಯದನ್ನೆಲ್ಲ ಊಟದ ಮೇಜಿನ ಮೇಲೆ ಸುರಿದೆ. ರಟ್ಟಿನ ಚೌಕದ ಮೇಲೆ ದಪ್ಪ ಅಕ್ಷರಗಳು, ಮಾಷ್ಟ್ರ ಕೈಬರಹ. ವರ್ಗ ವರ್ಗವಾಗಿ ಜೋಡಿಸಿದೆ. ಮೊದಲ ಸಾಲು ನಾಲ್ಕಕ್ಕೆ ನಿಂತಿತು, ಙ ಇಲ್ಲ. ಎರಡನೆಯ ಸಾಲಿನಲ್ಲಿ ಚ ಇಲ್ಲ, ಞ ಇಲ್ಲ. ಮಕ್ಕಳು ಮೂರು ಚೀಟಿ ಕಳೆದಿದ್ದಾರೆ ಎಂದು ಗೊಣಗಿಕೊಂಡು ಕತ್ತರಿ ತರಲು ಎದ್ದೆ. ಎದ್ದವಳು ಅಲ್ಲಿಯೇ ನಿಂತೆ. ಙ ಇರ್ಲಿಲ್ಲ ಟೀಚರ್, ಎಂದಿದ್ದಳಲ್ಲ.

ಲ್ಯಾಪ್‌ಟಾಪ್ ತೆಗೆದು ಮೂರು ಸ್ಥಾನಗಳ ಬದಲು ಇಡೀ ಪಟ್ಟಿಯನ್ನು ತೋರಿಸು ಎಂದೆ. ಙ, ಞ ಎರಡಕ್ಕೂ ನಂಬರು ಇತ್ತು, ಅಂಕವೇ ಇರಲಿಲ್ಲ. ಕೊನೆಯಲ್ಲಿ ಣ, ತ ಎರಡಕ್ಕೆ ಅಂಕ ಇತ್ತು, ನಂಬರು ಇರಲಿಲ್ಲ. ಕತೆಯನ್ನೇ ಹೇಳದ ಇಬ್ಬರು ಮಕ್ಕಳು, ಮಗುವೇ ಇಲ್ಲದ ಎರಡು ಕತೆ. ಡಬ್ಬಿಯಲ್ಲಿ ಙ ಇಲ್ಲದಿದ್ದರೆ ಐದನೆಯವಳೇ ಚ. ನನ್ನ ಸ್ಕ್ರಿಪ್ಟು ಮಾತ್ರ ಐದನೆಯ ಜಾಗವನ್ನು ಇಲ್ಲದ ಙಕ್ಕೆ ಕೊಟ್ಟು, ಚವನ್ನು ಆರಕ್ಕೆ ತಳ್ಳಿ, ಅವಳ ಅಂಕವನ್ನು ಮುಂದಿನ ಮಗುವಿಗೆ ದಾನ ಮಾಡಿತ್ತು. ಎರಡನೆಯ, ಮೂರನೆಯ ಸ್ಥಾನ ಖ, ಘ ಅಕ್ಷರಗಳಿಗೆ ಬಂದದ್ದರಿಂದ ಅವು ಸರಿಯಾಗಿಯೇ ಇದ್ದವು. ಅಂಥ ಅದೃಷ್ಟ ನನ್ನದು, ತಪ್ಪು ಒಬ್ಬಳ ತಲೆಯ ಮೇಲೆಯೇ ಸರಿಯಾಗಿ ಕೂತಿತ್ತು.

ಆದರೂ ಮನುಷ್ಯ ಬುದ್ಧಿ ನೋಡಿ. ಇಲ್ಲ, ಆ ಚೀಟಿಗಳು ಕಳೆದೇ ಹೋಗಿರಬಹುದು ಎಂದು ಯಾರಾದರೂ ಹೇಳಲಿ ಎಂದು ಆಸೆಯಾಯಿತು. ಮರುದಿನ ಕಾಲೇಜಿನಿಂದ ಬರುವಾಗ ಮೂಡುಬಿದಿರೆಯಲ್ಲಿ ಇಳಿದು ಕನ್ನಡ ಮಾಷ್ಟ್ರ ಮನೆಗೆ ಹೋದೆ. ನಿವೃತ್ತರಾಗಿ ಎಷ್ಟೋ ವರ್ಷವಾಯಿತು. ಬಸದಿಯ ಹಿಂದಿನ ಓಣಿಯಲ್ಲಿ ಮನೆ. ಐದೂವರೆ ಆಗಿತ್ತು, ಜೈನರು, ಹೊತ್ತು ಮುಳುಗುವ ಮೊದಲು ಮುಗಿಸಬೇಕಲ್ಲ, ಊಟಕ್ಕೆ ಕೂತಿದ್ದರು. ಕೈ ತೊಳೆದು ಬಂದು ನನ್ನ ಮಾತು ಕೇಳಿದರು.

"ಙ ಎಲ್ಲಿಂದ ಬರಬೇಕು ಮಾರಾಯ್ತಿ? ಅದನ್ನು ತೆಗೆದದ್ದು ನಾನೇ."

"ಎಂತಕ್ಕೆ ಸರ್?"

"ಮೊದಲ ವರ್ಷ ಒಬ್ಬ ಹುಡುಗನಿಗೆ ಙ ಬಂತು. ಮೈಕಿನಲ್ಲಿ ಕರೆದದ್ದೇ ತಡ, ಸಭೆಯಲ್ಲಿದ್ದ ಮಕ್ಕಳೆಲ್ಲ ಮೂಗಿನಲ್ಲಿ ಕೂಗ್ಲಿಕ್ಕೆ ಶುರು ಮಾಡಿದ್ರು. ಹುಡುಗ ಕತೆ ಹೇಳ್ಲೇ ಇಲ್ಲ, ಅತ್ತುಕೊಂಡು ಇಳಿದ. ಅವತ್ತೇ ಙ, ಞ ಎರಡನ್ನೂ ಹರಿದು ಬಿಸಾಡಿದೆ. ಪಿ.ಟಿ. ಮಾಷ್ಟ್ರಿಗೆ ಗೊತ್ತುಂಟಲ್ಲ, ನಿನಗೆ ಹೇಳ್ಲಿಲ್ವಾ?"

ಪಿ.ಟಿ. ಮಾಷ್ಟ್ರು ಹೇಳಲಿಲ್ಲ, ಯಾಕೆಂದರೆ ನಾನು ಕೇಳಲಿಲ್ಲ. ಡಬ್ಬಿಯನ್ನು ಒಮ್ಮೆ ಬಿಚ್ಚಿ ನೋಡುವಷ್ಟು ವ್ಯವಧಾನವೂ ನನಗಿರಲಿಲ್ಲ.

"ನಮಗೆ ಅದನ್ನು ಬಿಡಬಾರದು ಅಂತ ಬೆತ್ತದಲ್ಲಿ ಹೊಡೆದು ಕಲಿಸಿದ್ರಲ್ಲ ಸರ್," ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

"ಕಲಿಯುವುದು ಬೇರೆ," ಎಂದರು ಮಾಷ್ಟ್ರು. "ಒಂದು ಮಗುವಿಗೆ ಅದೇ ಹೆಸರು ಇಡುವುದು ಬೇರೆ."

ಅವರು ಹೇಳಿದ್ದು ತಮ್ಮ ಕಾಲದ ಆ ಹುಡುಗನ ವಿಷಯ. ನನಗೆ ಬಾಗಿಲ ಬಳಿ ಮೂಗಿನಲ್ಲಿ ಎಳೆದ ಆ ಧ್ವನಿ ಕೇಳಿಸಿತು. ಅವರು ಹರಿದು ಬಿಸಾಡಿದ್ದನ್ನು ನಾನು ಹುಡುಕಿ ತಂದು ಆ ಹುಡುಗಿಗೆ ಅಂಟಿಸಿದ್ದೆ. ನಾಚಿಕೆಯಾಯಿತು. ಚಹಾ ಕುಡಿಯದೆ ಎದ್ದು ಬಂದೆ.

ಸಂಘದ ಅಧ್ಯಕ್ಷರಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿ, "ಬಿಡಿ ಮಾರಾಯ್ರೆ, ಯಾರಿಗೂ ಗೊತ್ತಾಗ್ಲಿಲ್ಲ ಅಲ್ವಾ. ಹೋಗುವ ಮಾರಿಯನ್ನು ಮನೆಗೆ ಕರೀಬೇಡಿ," ಎಂದರು. ಕೆಟ್ಟವರಲ್ಲ ಅವರು, ನನ್ನ ಹಾಗೆಯೇ ದಣಿದವರು. ನಿಜ ಹೇಳಬೇಕೆಂದರೆ ಆ ಮಾತು ಕೇಳಿ ಒಂದು ದಿನ ನನಗೂ ನಿರಾಳವಾಯಿತು. ಯಾರಿಗೂ ಗೊತ್ತಿಲ್ಲ ಎಂದು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಹೇಳಿಕೊಂಡೆ. ಸಿದ್ಧಕಟ್ಟೆ ಬರುವಾಗ, ಒಬ್ಬಳಿಗೆ ಗೊತ್ತುಂಟಲ್ಲ ಎಂದು ಹೊಳೆಯಿತು. ಅವಳಿಗೆ ಮೊದಲಿಂದಲೂ ಗೊತ್ತು. ಆ ಮೇಲೆ ನಿರಾಳ ಇರಲಿಲ್ಲ.

ಬಹುಮಾನ ಪಡೆದ ಹುಡುಗಿಯ ತಾಯಿಗೂ ಫೋನು ಮಾಡಿದೆ. ಅವರು, "ಅವಳ ಅಪ್ಪನಿಗೆ ಕತಾರಿಗೆ ಫೋಟೋ ಕಳಿಸಿ ಆಗಿದೆ ಮೇಡಂ," ಎಂದರು. ಶೀಲ್ಡ್ ನಿಮ್ಮಲ್ಲೇ ಇರಲಿ, ನಿಮ್ಮ ಮಗಳದು ಏನೂ ತಪ್ಪಿಲ್ಲ ಎಂದೆ. ಬಿ.ಸಿ.ರೋಡಿನ ಅಂಗಡಿಯಲ್ಲಿ ಅಂಥದ್ದೇ ಇನ್ನೊಂದು ಮಾಡಿಸಿದೆ. ಚಾರ್ಮಾಡಿಯ ಟೀಚರಿಗೆ ವಿಷಯ ತಿಳಿಸಿದಾಗ ಅವರು, "ಅಯ್ಯೋ ದೇವರೇ, ನಾನು ಅವಳಿಗೆ ಬೈದೆನಲ್ಲ ಮೇಡಂ," ಎಂದರು. ಶನಿವಾರ ಬೆಳಿಗ್ಗೆ ಶಾಲೆ ಉಂಟು, ಪ್ರಾರ್ಥನೆಯ ಹೊತ್ತಿಗೆ ಬನ್ನಿ ಎಂದರು.

ಶನಿವಾರ ರಜೆ ಹಾಕಿ ಮೊದಲ ಬಸ್ಸಿಗೆ ಹೊರಟೆ. ಬೆಳ್ತಂಗಡಿ ದಾಟಿ, ಉಜಿರೆಯಲ್ಲಿ ಬಸ್ಸು ಬದಲಿಸಿ, ಘಾಟಿಯ ಬುಡಕ್ಕೆ ಬರುವಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿದೆ. ಟಿಆರ್ ಆಜ್ಞೆ, ವ್ಯಂಜನದ ಸಾಲು, ಮಾಷ್ಟ್ರು ಹರಿದ ಚೀಟಿ. ಮಡಿಲಲ್ಲಿ ಶೀಲ್ಡಿನ ಪೆಟ್ಟಿಗೆ. ಜೋಡಿಸಿದ್ದೆಲ್ಲ ನೆಪದ ಹಾಗೆಯೇ ಕೇಳುತ್ತಿತ್ತು.

ಶಾಲೆಯ ಗೇಟಿನಲ್ಲಿ ಟೀಚರ್ ಕಾಯುತ್ತಿದ್ದರು. ತಗ್ಗಿದ ದನಿಯಲ್ಲಿ ಹೇಳಿದರು:

"ಮೇಡಂ, ಅವಳು ಮೊದಲೆಲ್ಲ ದಿನಾ ಪ್ರಾರ್ಥನೆಯಲ್ಲಿ ಪೇಪರ್ ಓದುತ್ತಿದ್ದಳು. ಅವಳಷ್ಟು ಚೆನ್ನಾಗಿ ಓದುವವರು ಇಲ್ಲಿ ಇಲ್ಲ. ಆ ದಿನದ ಮೇಲೆ ಎದುರು ಬರುವುದೇ ಇಲ್ಲ. ಮಕ್ಕಳು ಙ, ಙ ಅಂತ ತಮಾಷೆ ಮಾಡ್ತಾರೆ. ನಾನು ಗದರಿಸಿದ್ದೇನೆ. ಆದರೆ ಶುರು ಮಾಡಿಸಿದ್ದೂ ನಾನೇ ಅಲ್ವಾ."

"ನೀವಲ್ಲ. ನಾನು," ಎಂದೆ.

ಅಂಗಳದಲ್ಲಿ ಐವತ್ತು ಅರವತ್ತು ಮಕ್ಕಳು ಸಾಲಾಗಿ ನಿಂತಿದ್ದರು. ಅವಳು ಮೂರನೆಯ ಸಾಲಿನಲ್ಲಿ ಹಿಂದೆ ಇದ್ದಳು. ನನ್ನನ್ನು ನೋಡಿ ತಲೆ ತಗ್ಗಿಸಿದಳು, ಮತ್ತೆ ಬೈಯಲು ಬಂದಿದ್ದೇನೆ ಎಂದು ತಿಳಿದಿರಬೇಕು. ಟಿಆರ್, ವ್ಯಂಜನ ಎಲ್ಲ ನನ್ನ ತಲೆಯಿಂದ ಹಾರಿಹೋಯಿತು. ಅದೂ ಒಳ್ಳೆಯದೇ ಆಯಿತು.

"ಕತೆ ಹೇಳುವ ಸ್ಪರ್ಧೆಯಲ್ಲಿ ಫಸ್ಟ್ ಬಂದದ್ದು ನಿಮ್ಮ ಶಾಲೆಯ ಈ ಹುಡುಗಿ," ಎಂದೆ. "ಅವಳು ಅವತ್ತೇ ನನಗೆ ಹೇಳಿದ್ದಳು. ಅವಳು ಹೇಳಿದ್ದು ನಿಜ. ಙ ಅಂತ ಯಾರೂ ಇರ್ಲಿಲ್ಲ. ನಾನು ಲೆಕ್ಕ ತಪ್ಪು ಮಾಡಿ, ಅವಳನ್ನೇ ಸುಳ್ಳಿ ಮಾಡಿದೆ. ಇನ್ನು ಯಾರೂ ಅವಳನ್ನು ಹಾಗೆ ಕರೀಬಾರದು. ಕರೆಯುವುದಾದರೆ ನನ್ನನ್ನು ಕರೆಯಿರಿ."

ಯಾರೂ ನಗಲಿಲ್ಲ. ಟೀಚರ್ ಚಪ್ಪಾಳೆ ತಟ್ಟಿದರು, ಮಕ್ಕಳೂ ತಟ್ಟಿದರು. ಹುಡುಗಿ ಬಂದು ಎರಡೂ ಕೈಯಲ್ಲಿ ಶೀಲ್ಡ್ ತೆಗೆದುಕೊಂಡು ಥ್ಯಾಂಕ್ಸ್ ಟೀಚರ್ ಎಂದಳು. ಮುಖದಲ್ಲಿ ಏನೂ ಇರಲಿಲ್ಲ.

ನನಗೆ ಆ ಕತೆ ಏನೆಂದೇ ಗೊತ್ತಿರಲಿಲ್ಲ. ಅಷ್ಟು ಅಂಕ ಬಂದ ಕತೆಯ ಒಂದು ಸಾಲೂ ನಾನು ಕೇಳಿರಲಿಲ್ಲ. "ಈಗ ಒಮ್ಮೆ ಹೇಳ್ತೀಯಾ ಮಗಾ?" ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ಹೇಳು, ಹೇಳು," ಎಂದರು ಟೀಚರ್.

"ಮರೆತು ಹೋಗಿದೆ ಟೀಚರ್."

ಮರೆತಿರಲಿಲ್ಲ ಎಂದು ನಮಗಿಬ್ಬರಿಗೂ ತಿಳಿಯಿತು. ಒತ್ತಾಯ ಮಾಡಲಿಲ್ಲ. ಮಕ್ಕಳು ತರಗತಿಗೆ ಹೋದರು. ನನ್ನನ್ನು ವರಾಂಡದ ಬೆಂಚಿನಲ್ಲಿ ಕೂರಿಸಿ ಬಿಸಿ ಹಾಲು ಕೊಟ್ಟರು. ಬಂದ ಕೆಲಸ ಮುಗಿದಿತ್ತು, ಹಗುರ ಮಾತ್ರ ಆಗಲಿಲ್ಲ. ಹಾಲು ಕುಡಿದು ಏಳುವಷ್ಟರಲ್ಲಿ ಹುಡುಗಿ ತರಗತಿಯಿಂದ ಹೊರಗೆ ಬಂದಳು. ಕೈಯಲ್ಲಿ ಕಂಪಾಸ್ ಪೆಟ್ಟಿಗೆ. ಅದರ ತಳದಲ್ಲಿ ಹಾಸಿದ್ದ ಕಾಗದದ ಅಡಿಯಿಂದ ಏನನ್ನೋ ತೆಗೆದು ನನಗೆ ಕೊಟ್ಟಳು.

ರಟ್ಟಿನ ಒಂದು ಚೌಕ. ಮಾಷ್ಟ್ರ ಕೈಬರಹದಲ್ಲಿ ದಪ್ಪಗೆ ಚ.

"ಇದು ನಿಮ್ಮ ಡಬ್ಬಿಯದ್ದು," ಎಂದಳು. "ಇಳಿಯುವಾಗ ವಾಪಸ್ ಹಾಕ್ಲಿಕ್ಕೆ ಮರೆತೆ. ಆಮೇಲೆ ಆಗ್ಲಿಲ್ಲ."

ಊಟದ ಮೇಜಿನ ಮೇಲೆ ಖಾಲಿ ಉಳಿದ ಮೂರನೆಯ ಜಾಗ ನನಗೆ ನೆನಪಾಯಿತು. ಙ, ಞ ಎಲ್ಲಿ ಹೋದವೆಂದು ಹುಡುಕಿದವಳು ಚ ಎಲ್ಲಿ ಹೋಯಿತೆಂದು ಕೇಳಿಕೊಂಡಿರಲೇ ಇಲ್ಲ.

"ಇದು ನಿನ್ನ ಹತ್ತಿರವೇ ಇತ್ತಾ?" ಎಂದೆ. "ಹಾಗಾದರೆ ಅವತ್ತೇ ತೋರಿಸಬಹುದಿತ್ತಲ್ಲ ಮಗಾ."

ಅವಳು ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು. ಕೋಪ ಇರಲಿಲ್ಲ. ಗೊತ್ತಿಲ್ಲದವರಿಗೆ ದಾರಿ ಹೇಳುವ ಹಾಗೆ ಹೇಳಿದಳು.

"ತೋರಿಸ್ಲಿಕ್ಕೇ ಬಂದದ್ದು ಟೀಚರ್. ಕೈಯಲ್ಲೇ ಇಟ್ಟುಕೊಂಡಿದ್ದೆ. ನೀವು ಅದರ ಮೇಲೆ ಸರ್ಟಿಫಿಕೇಟ್ ಇಟ್ರಿ."